ಗೋಣಿ ಮರ ಕಡಿಸಬೇಕಾ, ಉಳಿಸಬೇಕಾ? ತೋಟದೊಳಗಿನ ಕಾಡಿನ ಬಗ್ಗೆ ಮಾತಾಡೋಣ

ಬಾಣೆಮನೆ (ಕೊಡಗಿನ ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿಯಿತು. ಒಂದು ವಿಷಯ ತಲೆ ಕೊರೆಯುತ್ತಿದೆ, ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

ನಮ್ಮದು ಆರು ಎಕರೆ ರೋಬಸ್ಟಾ ಕಾಫಿ. ನಾನು, ತಮ್ಮ ಸೇರಿ ನೋಡಿಕೊಳ್ಳುತ್ತೇವೆ. ಬಾಣೆಯ (ಗದ್ದೆಗೆ ಸೇರಿದ ಮರಗಳಿರುವ ಗುಡ್ಡದ ಜಮೀನು) ಮೇಲ್ತುದಿಯಲ್ಲಿ ಆಲದ ಬಳಗದ ಒಂದು ದೊಡ್ಡ ಗೋಣಿ ಮರ ಇದೆ. ಪಕ್ಕದಲ್ಲೇ ಪೊಟರೆ ಬಿದ್ದ ಹಳೇ ನಂದಿ ಮರ. ಎರಡನ್ನೂ ತೆಗೆಸಿ ಸಿಲ್ವರ್ ಓಕ್ ಹಾಕೋಣ, ಮೆಣಸಿನ ಬಳ್ಳಿ ಹಬ್ಬಿಸೋಣ ಅನ್ನುತ್ತಾನೆ ತಮ್ಮ. ಗೋಣಿಯ ಕೆಳಗೆ ನಲವತ್ತು ಕಾಫಿ ಗಿಡ ಇದೆ. ನೆರಳು ಜಾಸ್ತಿಯಾಗಿ ಅವು ಕಾಯಿ ಕಟ್ಟುವುದೇ ಇಲ್ಲ. ಲೆಕ್ಕದಲ್ಲಿ ಅವನು ತಪ್ಪು ಹೇಳುತ್ತಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಒಬ್ಬನೇ ಹೋಗಿ ಅಲ್ಲಿ ಕೂತೆ. ನಂದಿಯ ಪೊಟರೆಯ ಬಾಯಿಗೆ ಏನೋ ಮೆತ್ತಿ ಮುಚ್ಚಿದ ಹಾಗಿತ್ತು, ನಡುವೆ ಒಂದು ಸಣ್ಣ ಸೀಳು. ಸ್ವಲ್ಪ ಹೊತ್ತಿಗೆ ಗಂಡು ಮಂಗಟ್ಟೆ ಬಂದು ಕೂತಿತು. ದೊಡ್ಡ ಮಂಗಟ್ಟೆ ಅಲ್ಲ, ನಮ್ಮ ತೋಟಗಳಲ್ಲಿ ಕೇಕೆ ಹಾಕಿ ಕೂಗುತ್ತದಲ್ಲ, ಆ ಬೂದು ಬಣ್ಣದ್ದು. ಕತ್ತು ಕೊಡವಿ ಗಂಟಲಿನಿಂದ ಒಂದು ಗೋಣಿ ಹಣ್ಣನ್ನು ಕೊಕ್ಕಿನ ತುದಿಗೆ ತಂದಿತು. ಸೀಳಿನೊಳಗೆ ಕೊಟ್ಟಿತು. ಮತ್ತೆ ಕತ್ತು ಕೊಡವಿತು, ಮತ್ತೊಂದು ಹಣ್ಣು. ನಾನು ಎಣಿಸಿದೆ, ಹನ್ನೊಂದು. ಆಮೇಲೆ ಕೊಕ್ಕನ್ನು ಕೊಂಬೆಗೆ ಎರಡು ಸಲ ಉಜ್ಜಿ ಹಾರಿಹೋಯಿತು. ಹೆಣ್ಣು ಒಳಗೆ ಬಾಗಿಲು ಮುಚ್ಚಿಕೊಂಡು ಕೂತಿದೆ. ಮರಿ ಬೆಳೆಯುವವರೆಗೆ ಅದಕ್ಕೆ ಗಂಡು ತಂದ ತುತ್ತೇ ಗತಿ.

ಮನೆಗೆ ಬಂದು ತಮ್ಮನಿಗೆ ಹೇಳಿದೆ. "ಹಕ್ಕಿಗೆ ಕಾಡು ಇಲ್ವಾ ಅಣ್ಣ? ತಲಕಾವೇರಿ, ಪುಷ್ಪಗಿರಿ, ಬ್ರಹ್ಮಗಿರಿ ಅಂತ ಮೂರು ಅಭಯಾರಣ್ಯ ಇದೆ. ಸಾಲದು ಅಂತ ನಾಗರಹೊಳೆ ಇದೆ" ಎಂದ. ಆಗ ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿಯೆಲ್ಲ ಯೋಚಿಸಿದ ಮೇಲೆ ಹೊಳೆಯಿತು. ಕೊಡಗಿನಲ್ಲಿ ಕಾಡು ಒಂದು ಕಡೆ, ತೋಟ ಒಂದು ಕಡೆ ಅಂತ ಗೆರೆ ಎಳೆದ ಹಾಗಿಲ್ಲ. ಹಕ್ಕಿ, ಜೇನು, ಅಳಿಲು ಒಂದು ಕಾಡಿನಿಂದ ಇನ್ನೊಂದಕ್ಕೆ ದಾಟುವುದೇ ನಮ್ಮ ತೋಟದ ಮರಗಳ ಮೇಲೆ. ಅಭಯಾರಣ್ಯ ಕಾಯೋಕೆ ಇಲಾಖೆ ಇದೆ. ಈ ನಡುವಿನ ದಾರಿ ಉಳಿಯುವುದು, ಅಳಿಯುವುದು ನಾವು ಕೊಂಬೆ ಸವರಿ ಕಪಾತು ಮಾಡುವ ಕತ್ತಿಯ ಮೇಲೆ ನಿಂತಿದೆ.

ನೀವೇನು ಹೇಳುತ್ತೀರಿ? ತಮ್ಮನೂ ಇದನ್ನು ಓದುತ್ತಾನೆ, ಅವನ ಪರವಾಗಿಯೂ ಬರೆಯಿರಿ.

ಅಮ್ಮತ್ತಿ ತೋಟಗಾರ

ಬಾಣೆಮನೆಯವರೇ, ನಿಮ್ಮ ಮಾತಿಗೆ ಮನಸ್ಸು ಒಪ್ಪುತ್ತದೆ, ಜೇಬು ಒಪ್ಪುವುದಿಲ್ಲ.

ಸಿಲ್ವರ್ ಓಕ್ ನೆಡುವವರೆಲ್ಲ ಕಾಡು ಕಂಡರೆ ಆಗದವರು ಅಂತ ಯಾರೂ ತಿಳಿಯಬೇಡಿ. ಆಸ್ಟ್ರೇಲಿಯಾದ ಮರ, ನಿಜ. ಆದರೆ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಕಷ್ಟಕಾಲಕ್ಕೆ ಕಡಿದು ಮಾರುವುದಕ್ಕೂ ತೊಡಕು ಕಡಿಮೆ. ಅದೇ ಹೊನ್ನೆ, ಬೀಟೆ, ನಂದಿ ಆದರೆ? ಬಾಣೆ ಅನ್‌ರಿಡೀಮ್ಡ್ ಆಗಿದ್ದರೆ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೆ ಇದ್ದರೆ, ಮರ ನಮ್ಮದೇ ಅಲ್ಲ, ಸರ್ಕಾರದ್ದು. ನೆರಳು ನಮಗೆ, ನಾಟಾ ಅವರಿಗೆ.

ನನ್ನ ತಂದೆ ಮಗುವಿನ ಹಾಗೆ ಸಾಕಿದ ಎರಡು ಹೊನ್ನೆ ಒಂದು ಮಳೆಗಾಲದಲ್ಲಿ ಗಾಳಿಗೆ ಬಿದ್ದವು. ಬಿದ್ದ ಮರ ಎತ್ತಿಸೋಕೆ ಒಂದು ಕಚೇರಿಗೆ ಹದಿನಾಲ್ಕು ತಿಂಗಳು ಅಲೆದೆ. ಅಷ್ಟರಲ್ಲಿ ಗೆದ್ದಲು ತಿಂದಿತ್ತು. ಆ ವರ್ಷ ಸಿಟ್ಟಿನಲ್ಲಿ, ತೋಟದಲ್ಲಿ ತಾನಾಗಿ ಹುಟ್ಟಿದ್ದ ಕಾಡುಸಸಿಗಳನ್ನೆಲ್ಲ ಕಳೆ ಜೊತೆ ಸವರಿಸಿಬಿಟ್ಟೆ. ಇಪ್ಪತ್ತು ಮೂವತ್ತು ಹೊನ್ನೆ ಸಸಿ ಇದ್ದವು. ಇವತ್ತಿಗೂ ಆ ಕಡೆ ಹೋದರೆ ಬೇಜಾರಾಗುತ್ತದೆ.

ಮರ ಸಾಕಿದವನಿಗೆ ಮರದ ಮೇಲೆ ಹಕ್ಕು ಬೇಕು. ಆ ಮಾತು ಬಿಟ್ಟು ಸುಮ್ನೆ ರೈತರಿಗೆ ಬುದ್ಧಿ ಹೇಳಿದರೆ ಏನೂ ಉಳಿಯುವುದಿಲ್ಲ.

ಪೊನ್ನಂಪೇಟೆ ವಿದ್ಯಾರ್ಥಿನಿ

ಅಣ್ಣ, ನಾನು ಅರಣ್ಯಶಾಸ್ತ್ರ ಓದುತ್ತಿದ್ದೇನೆ. ಎರಡು ವಿಷಯ ಹೇಳಬೇಕು.

ಮೊದಲು ಗೋಣಿ. ಗೋಣಿ, ಅತ್ತಿ, ಬಸರಿ, ಆಲ ಎಲ್ಲ ಒಂದೇ ಬಳಗ. ಇವು ಒಟ್ಟಿಗೆ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಒಂದು ಮರ ಈಗ ಹಣ್ಣು ಬಿಟ್ಟರೆ ಇನ್ನೊಂದು ಎರಡು ತಿಂಗಳು ಬಿಟ್ಟು. ಹಾಗಾಗಿ ಬೇರೆ ಯಾವ ಹಣ್ಣೂ ಇಲ್ಲದ ದಿನಗಳಲ್ಲಿ ಹಕ್ಕಿ, ಬಾವಲಿ, ಕೋತಿ, ಪುನುಗು ಬೆಕ್ಕು ಈ ಮರಗಳನ್ನೇ ನಂಬಿರುತ್ತವೆ. ಇದರ ಹೂವು ಕಾಯಿಯ ಒಳಗೇ ಇರುತ್ತದೆ. ಅಲ್ಲಿಗೆ ಪರಾಗ ಮುಟ್ಟಿಸುವುದು ಎಳ್ಳಿನಷ್ಟು ಚಿಕ್ಕ ಕಣಜ. ಸಾಮಾನ್ಯವಾಗಿ ಒಂದೊಂದು ಜಾತಿಯ ಮರಕ್ಕೆ ಅದರದೇ ಕಣಜ. ಮರ ಹೋದರೆ ಹುಳ ಇಲ್ಲ, ಹುಳ ಹೋದರೆ ಬೀಜ ಇಲ್ಲ. ನಿಮ್ಮ ಒಂದು ಗೋಣಿಯ ಲೆಕ್ಕ ಹಾಕುವಾಗ ನಲವತ್ತು ಕಾಫಿ ಗಿಡದ ಜೊತೆ ಇದನ್ನೂ ಬರೆದುಕೊಳ್ಳಿ.

ಎರಡನೆಯದು ಕಾಫಿಯದ್ದೇ ಕಥೆ. ಸಿಲೋನಿನಲ್ಲಿ ಒಂದು ಕಾಲಕ್ಕೆ ಬೆಟ್ಟದ ತುಂಬ ಕಾಫಿ ಇತ್ತು. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಇಪ್ಪತ್ತು ಮೂವತ್ತು ವರ್ಷದಲ್ಲಿ ಕಾಫಿ ಹೋಗಿ ಆ ಬೆಟ್ಟಗಳೆಲ್ಲ ಟೀ ಆದವು. ನಮ್ಮಲ್ಲಿ ಅರೇಬಿಕಾ ಕಾಫಿ ಹೇಗೆ ಉಳಿಯಿತು? ನೀವೆಲ್ಲ ನೆಟ್ಟಿರುವ ಎಸ್.795 ತಳಿಯ ಹಿಂದೆ ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿ ತಾವಾಗಿಯೇ ಬೆರೆತು ಹುಟ್ಟಿದ ಒಂದು ಗಿಡ ಇದೆ. 2007ರಲ್ಲಿ ಬಂದ ಚಂದ್ರಗಿರಿ ತಳಿಯ ಹಿಂದೆ ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ತಾವಾಗಿ ಬೆರೆತ ಇನ್ನೊಂದು ಗಿಡ. ತುಕ್ಕು ತಡೆಯುವ ಗುಣ ಬಂದದ್ದು ಆ ಬೆರಕೆಗಳಿಂದ. ಯಾರೋ ಒಬ್ಬರು "ಇದು ಕೆಲಸಕ್ಕೆ ಬಾರದ ಗಿಡ" ಅಂತ ಆ ಎರಡನ್ನು ಮೊದಲೇ ಕಿತ್ತು ಎಸೆದಿದ್ದರೆ? ಜೀವವೈವಿಧ್ಯ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹುಲಿ ಕಥೆ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ಇನ್ನೊಂದು ಮಾತು, ಅರೇಬಿಕಾ ಇರುವವರಿಗೆ. ನೆರಳು ತೆಳುವಾಗಿ ಕಾಂಡಕ್ಕೆ ಬಿಸಿಲು ಬಿದ್ದರೆ ಬಿಳಿ ಕಾಂಡಕೊರಕ ಜಾಸ್ತಿ. ಮರ ತೆಗೆಸುವ ಮುಂಚೆ ಅದೂ ನೆನಪಿರಲಿ.

ತುಡುವೆ (ಭಾಗಮಂಡಲ)

ನಾನು ಜೇನು ಸಾಕುವವನು. ನಮ್ಮಲ್ಲಿ ಅಜ್ಜನ ಕಾಲದಿಂದ ಪೆಟ್ಟಿಗೆ ಇದೆ.

1991–92ರ ಸುಮಾರಿಗೆ ದಕ್ಷಿಣದಲ್ಲೆಲ್ಲ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ಗೂಡಿನಲ್ಲಿ ಮರಿಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ನಾನು ಆಗ ಚಿಕ್ಕವನು. ಅಪ್ಪ ಬೆಳಿಗ್ಗೆ ಒಂದೊಂದು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಏನೂ ಮಾತಾಡದೆ ಮುಚ್ಚಿ ಇಡುತ್ತಿದ್ದರು. ಕೊನೆಗೆ ಖಾಲಿ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿದವು. ಎಷ್ಟೋ ವರ್ಷ ಅಲ್ಲೇ ಇದ್ದವು.

ಮತ್ತೆ ಜೇನು ಬಂದದ್ದು ಹೇಗೆ? ಕಾಡಿನಲ್ಲಿ, ಹಳೇ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕಲ್ಲಿನ ಸಂದಿಯಲ್ಲಿ ರೋಗ ತಾಳಿಕೊಂಡ ಒಂದಿಷ್ಟು ಕುಟುಂಬ ಉಳಿದಿದ್ದವು. ಅವೇ ಬೆಳೆದವು. ನಾವು ಅವನ್ನೇ ಹಿಡಿದು ತಂದು ಪೆಟ್ಟಿಗೆ ತುಂಬಿಸಿಕೊಂಡೆವು. ಪೊಟರೆ ಬಿದ್ದ ಮರ ದಂಡ ಅನ್ನುವವರು ಇದನ್ನು ಯೋಚಿಸಬೇಕು.

ಈಗ ಬಾಣೆಮನೆಯವರ ರೋಬಸ್ಟಾಕ್ಕೆ ಬರುತ್ತೇನೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಿಷ್ಟು ತರುತ್ತದೆ, ಹೆಜ್ಜೇನು, ತುಡುವೆ, ಮುಜಂಟಿ ಜೇನುಗಳು ಒಂದಿಷ್ಟು ತರುತ್ತವೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ಹೂವು ಇರುವುದು ಎರಡು ಮೂರು ದಿನ. ವರ್ಷದ ಉಳಿದ ದಿನ ಜೇನು ಏನು ತಿನ್ನಬೇಕು ಹೇಳಿ? ನೇರಳೆ, ಮತ್ತಿ, ನಂದಿ, ಬಳಂಜಿ, ಹೊಂಗೆ, ಆಮೇಲೆ ನೆಲದ ಮೇಲಿನ ತುಂಬೆಯಂಥ ಕಳೆಗಿಡ. ಇವೆಲ್ಲ ಸೇರಿ ಹನ್ನೆರಡು ತಿಂಗಳು ಜೇನನ್ನು ಸಾಕಿದರೆ ಮಾತ್ರ ಆ ಮೂರು ದಿನಕ್ಕೆ ಅದು ನಿಮ್ಮ ತೋಟಕ್ಕೆ ಬರುತ್ತದೆ. ಸಿಲ್ವರ್ ಓಕ್ ಹೂವಿಗೂ ಜೇನು ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದೇ ಮರ ಇದ್ದರೆ ಒಂದೇ ಊಟ, ಅದೂ ಒಂದು ಹೊತ್ತು.

ದಯವಿಟ್ಟು ಹೂವಿನ ದಿನಗಳಲ್ಲಿ ಔಷಧಿ ಹೊಡೆಯಬೇಡಿ. ಕಳೆನಾಶಕವನ್ನು ಇಡೀ ತೋಟಕ್ಕೆ ಹೊಡೆಯಬೇಡಿ. ಮಷೀನಿನಲ್ಲಿ ಕಳೆ ಸವರುವಾಗಲೂ ಬೇಲಿ ಬದಿ, ತೋಡಿನ ಬದಿ ಸ್ವಲ್ಪ ಬಿಡಿ.

ಸಿದ್ದಾಪುರ ಲೈನ್

ಎಲ್ಲರೂ ಹಕ್ಕಿ, ಜೇನು ಅಂತ ಚೆನ್ನಾಗಿ ಬರೆದಿದ್ದೀರಿ. ನಮ್ಮ ಕಡೆ ಜೀವವೈವಿಧ್ಯ ಅಂದರೆ ಬೆಳಿಗ್ಗೆ ಆರು ಗಂಟೆಗೆ ತೋಟದ ಗೇಟಿನ ಹತ್ತಿರ ನಿಂತಿರುವ ಆನೆ. ನನ್ನ ಹೆಂಡತಿ ತೋಟದ ಕೆಲಸಕ್ಕೆ ಹೋಗುತ್ತಾಳೆ. ಅವಳು ವಾಪಸ್ ಬರುವವರೆಗೆ ನನಗೆ ಸಮಾಧಾನ ಇಲ್ಲ. ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ರೈಲ್ವೆ ಕಂಬಿ ನೆಟ್ಟರು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬರುತ್ತದೆ. ಮರ ಉಳಿಸಿ, ಹಲಸು ಉಳಿಸಿ ಅಂತ ಬರೆಯುವ ಮುಂಚೆ ಹಲಸಿನ ವಾಸನೆಗೆ ಯಾರು ಬರುತ್ತಾರೆ ಅಂತಲೂ ಬರೆಯಿರಿ.

ಬಾಣೆಮನೆ

ಅಣ್ಣ, ನಿಮ್ಮ ಮಾತಿಗೆ ಎದುರಾಡುವ ಹಕ್ಕು ನನಗಿಲ್ಲ. ನಮ್ಮ ಕಡೆ ಆನೆ ಅಪರೂಪ, ಆ ಭಯ ನಾನು ಉಂಡಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಆನೆ ಓಡಾಡುತ್ತಿದ್ದ ಜಾಗದಲ್ಲಿ ತೋಟ, ರಸ್ತೆ, ಲೇಔಟ್ ಆಗುತ್ತಾ ಹೋಯಿತು. ಕಾಡಿನಲ್ಲಿ ಹುಲ್ಲು, ಬಿದಿರು ಇದ್ದ ಕಡೆ ಲಂಟಾನ ತುಂಬಿತು. ಅದರ ಹೊಟ್ಟೆಗೆ ಅಲ್ಲಿ ಕಡಿಮೆಯಾದದ್ದು ಇಲ್ಲಿ ಸಿಗುತ್ತಿದೆ. ಕಾಡು ಇನ್ನೂ ಬಡವಾದರೆ ನಿಮ್ಮ ಗೇಟಿಗೆ ಬರುವ ಆನೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ತಿತಿಮತಿ ಹುಡುಗ

ನಮ್ಮ ಪಕ್ಕದ ತೋಟದವರು ಹಲಸು ಕಡಿಸಿಲ್ಲ. ಬಲಿಯುವ ಮುಂಚೆಯೇ ಕಾಯಿ ಇಳಿಸಿ ದೂರ ಸಾಗಿಸುತ್ತಾರೆ. ಆನೆ ಓಡಾಟ ಇರುವ ದಿನ ಕೆಲಸ ಒಂದು ಗಂಟೆ ತಡವಾಗಿ ಶುರು, ಬೆಳಕು ಚೆನ್ನಾಗಿ ಬಿದ್ದ ಮೇಲೆ. ಎಲ್ಲಿದೆ ಅಂತ ಫೋನಿನಲ್ಲಿ ಎಲ್ಲರಿಗೂ ಸುದ್ದಿ ಹೋಗುತ್ತದೆ. ಪೂರ್ತಿ ಪರಿಹಾರ ಅಲ್ಲ, ಆದರೂ ಹೆದರಿಕೆ ಸ್ವಲ್ಪ ಕಡಿಮೆ.

ಹಾರಂಗಿ ದಡ

ನಾನು ಮಕ್ಕಂದೂರು ಕಡೆಯವಳು. 2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಜಾಸ್ತಿ ಬರೆಯಲು ಆಗುವುದಿಲ್ಲ. ಮಳೆ ಮಿತಿ ಮೀರಿತ್ತು, ಅದು ನಿಜ. ಕಾಡು ಇದ್ದ ಗುಡ್ಡವೂ ಕೆಲವು ಕಡೆ ಜಾರಿತು, ಅದೂ ನಿಜ. ಆದರೆ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಅಂತ ಜೆಸಿಬಿ ತಂದು ಬುಡ ಕೆರೆದ ಇಳಿಜಾರುಗಳನ್ನು ಆ ವಾರ ನಾನು ಕಣ್ಣಾರೆ ನೋಡಿದೆ. ಮರುವರ್ಷ ತೋರ ಊರಿನಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಬೇರೆ ಬೇರೆ ಆಳಕ್ಕೆ ಬೇರು ಬಿಡುವ ಹತ್ತಾರು ಜಾತಿಯ ಮರ ಇರುವ ಇಳಿಜಾರನ್ನು ಹಾಗೇ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ನೀರು ಹರಿಯುವ ಜಾಗ ಮುಚ್ಚಬೇಡಿ. ಅಷ್ಟೇ.

ನಲ್ಲಿ ನೀರು (ಬೆಂಗಳೂರು)

ಊರು ಬಿಟ್ಟು ಇಪ್ಪತ್ತು ವರ್ಷ ಆಯಿತು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರುವುದು ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೂ ಹಿಂದೆ ಒಂದು ಕಾಡು ಇದೆ ಅಂತ ಇಲ್ಲಿ ಯಾರೂ ಮಾತಾಡುವುದಿಲ್ಲ. ಕಾಡುಮರ ಸಾಕುವ ರೈತನಿಗೆ ನೀರು ಕುಡಿಯುವ ನಾವು ಏನಾದರೂ ಕೊಡಬೇಕು ಅಂತ ನನಗೆ ಅನ್ನಿಸುತ್ತದೆ. ಸುಮ್ನೆ ಹೊಗಳಿಕೆ ಅಲ್ಲ, ದುಡ್ಡು.

ಕಕ್ಕಡ ಹದಿನೆಂಟು

ಮಕ್ಕಳೇ, ನನ್ನದೂ ಒಂದು ಮಾತು. ನಾನು ಓದಿದವಳಲ್ಲ, ಅಡುಗೆಮನೆಯಿಂದ ಹೇಳುತ್ತೇನೆ.

ಆಗಸ್ಟ್ ಮೊದಲ ವಾರ, ನಮ್ಮ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪು ತರಬೇಕು. ಅವತ್ತು ಅದರಲ್ಲಿ ಹದಿನೆಂಟು ಬಗೆ ಮದ್ದು ಸೇರಿರುತ್ತದೆ ಅಂತ ನಮ್ಮವರ ನಂಬಿಕೆ. ಕುದಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಮನೆಯೆಲ್ಲ ಅದರದೇ ಘಮ. ಆ ನೀರಿನಲ್ಲಿ ಪಾಯಸ. ನಾನು ಮದುವೆಯಾಗಿ ಬಂದಾಗ ಮನೆ ಹಿಂದಿನ ತೋಡಿನ ಬದಿ ಸೊಂಟದವರೆಗೆ ಬೆಳೆಯುತ್ತಿತ್ತು. ಕಳೆನಾಶಕ ಹೊಡೆಯಲು ಶುರು ಮಾಡಿದ ಮೇಲೆ ಹೋಯಿತು. ಹೋದ ವರ್ಷ ಸಂತೆಯಲ್ಲಿ ಕಟ್ಟು ಕೊಂಡು ತಂದೆ.

ಗದ್ದೆ ಪಾಳು ಬಿದ್ದ ಮೇಲೆ ಏಡಿ ಇಲ್ಲ, ತೋಡಿನ ಮೀನು ಇಲ್ಲ. ಕಿತ್ತಳೆಯೂ ಹಾಗೇ. ಆಗ ಕಾಫಿ ಮಧ್ಯೆ ಎಲ್ಲಿ ನೋಡಿದರೂ ಕಿತ್ತಳೆ. ಹಸಿರು ರೋಗ ಬಂದು ಒಣಗಿಹೋಯಿತು. ಕೊಡಗಿನ ಕಿತ್ತಳೆ ಅಂತ ಜಿಐ (ಊರಿನ ಹೆಸರಿನ ಭೌಗೋಳಿಕ) ಗುರುತು ಸಿಕ್ಕಿದೆಯಂತೆ, ಆದರೆ ನನ್ನ ಮೊಮ್ಮಗಳಿಗೆ ಆ ಕಿತ್ತಳೆಯ ರುಚಿ ಗೊತ್ತಿಲ್ಲ.

ನಮ್ಮ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಮಳೆಗಾಲಕ್ಕೆ ಸೋಪಿನ ನೊರೆಯ ಹಾಗೆ ಮುದ್ದೆ ತೂಗುತ್ತದೆ. ಹಸಿರು ಬಣ್ಣದ ಹಾರುವ ಕಪ್ಪೆಯ ಗೂಡು ಅದು. ಮರಿಗಳು ಒಂದೊಂದೇ ಹನಿಯ ಹಾಗೆ ಕೆಳಗೆ ನೀರಿಗೆ ಬೀಳುತ್ತವೆ. ಮೊಮ್ಮಗಳಿಗೆ ಅದನ್ನಾದರೂ ತೋರಿಸಿದ್ದೇನೆ. ಕೊಂಬೆ ಕಡಿಯಬೇಡ ಅಂತ ಮಗನಿಗೆ ಹೇಳಿಟ್ಟಿದ್ದೇನೆ.

ಮಾಸ್ತರು (ಸೋಮವಾರಪೇಟೆ)

ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಇದನ್ನೆಲ್ಲ ಬರೆದಿಡುವುದಕ್ಕೇ ಒಂದು ಕಾನೂನು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ಮೀನು, ತಳಿ, ಅವುಗಳ ಬಳಕೆ ಎಲ್ಲ ಸೇರಿಸಿ ಜನತಾ ದಾಖಲೆ ಮಾಡಬೇಕು. ಕಾಗದದ ಮೇಲೆ ಎಲ್ಲ ಇರುತ್ತದೆ. ಗ್ರಾಮಸಭೆಗೆ ಹೋಗಿ "ನಮ್ಮ ದಾಖಲೆ ತೋರಿಸಿ" ಅಂತ ಕೇಳಿ. ಮದ್ದುಸೊಪ್ಪು ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಅಕ್ಕನಂಥವರನ್ನು ಕೂರಿಸಿ ಬರೆಸಿ.

ಇನ್ನು ದೇವರಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಲ್ಲ ಸೇರಿ ಸುಮಾರು 2,500 ಹೆಕ್ಟೇರ್. ಬಹಳಷ್ಟು ತೀರಾ ಚಿಕ್ಕವು, ಸುತ್ತ ತೋಟ. ನಮ್ಮ ಊರಿನ ಅಯ್ಯಪ್ಪನ ಬನದಲ್ಲಿ ಹರಕೆಯ ಮಣ್ಣಿನ ನಾಯಿಗಳು ಪಾಚಿ ಹಿಡಿದು ನಿಂತಿವೆ. ಒಣ ಕಡ್ಡಿ ಕೂಡ ಹೊರಗೆ ತರಬಾರದು ಅಂತ ಕಟ್ಟು. ಆದರೂ ಪ್ರತಿ ವರ್ಷ ಬೇಲಿ ಒಂದು ಗಜ ಒಳಗೆ ಬರುತ್ತದೆ. ಗುಡಿಗೆ ಕಾಂಕ್ರೀಟ್ ಹಾಕಿಸೋಣ, ಊಟದ ಹಾಲ್ ಕಟ್ಟಿಸೋಣ ಅನ್ನುವವರೂ ನಮ್ಮವರೇ. ನನ್ನ ಅಭಿಪ್ರಾಯ ಖಂಡಿತವಾಗಿ ಹೇಳುತ್ತೇನೆ: ಮರ ಕಡಿದು ಕಟ್ಟಿದ ಗುಡಿ ಆ ದೇವರಿಗೆ ಬೇಡ. ಅವನ ಮನೆಯೇ ಆ ಕಾಡು.

ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ದೇಶಕ್ಕೇ ಅದು ಮೊದಲನೆಯದು. ಒಂದು ಹುಣಸೆ ತೋಪಿಗೆ ಸಿಕ್ಕ ಮರ್ಯಾದೆ ನಮ್ಮ ದೇವರಕಾಡುಗಳಿಗೂ ಸಿಗಲಿ ಅಂತ ಊರವರೇ ಕೇಳಬಹುದು ಅಲ್ವಾ? ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಬೇಕು. ಅದಕ್ಕೆ ಅರ್ಜಿ ಬರೆಯೋಕೆ ನಾನು ಸಹಾಯ ಮಾಡುತ್ತೇನೆ.

ಪಶ್ಚಿಮಘಟ್ಟ ಉಳಿಸುವ ಬಗ್ಗೆ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ಜಮೀನು ಹೋಗುತ್ತದೆ ಅನ್ನುವ ಭಯದಲ್ಲಿ ಓದಿದವರು ಕಡಿಮೆ. ಗಾಡ್ಗೀಳ್ ವರದಿ ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕು ಅಂತಲೇ ಹೇಳಿತ್ತು. ಅಮ್ಮತ್ತಿಯವರು ಕೇಳಿದ ಮರದ ಹಕ್ಕಿನ ಮಾತನ್ನೂ ಅಲ್ಲೇ ಎತ್ತಬೇಕು.

ಕೆಳಗಿನ ಬಾಣೆ

ನಾನೇ ಆ ತಮ್ಮ. ಎಲ್ಲ ಓದಿದೆ.

ಅಣ್ಣ ನನ್ನನ್ನು ಖಳನಾಯಕ ಮಾಡಿಲ್ಲ, ಅದಕ್ಕೆ ಖುಷಿ. ನನಗೆ ಇಬ್ಬರು ಮಕ್ಕಳು, ಫೀಸು ಕಟ್ಟಬೇಕು. ಅದಕ್ಕೇ ಆ ಲೆಕ್ಕ ಹಾಕಿದ್ದು. ತುಡುವೆಯವರು ಬರೆದ ಮೂರು ದಿನದ ಮಾತು ನನ್ನನ್ನು ನಿಲ್ಲಿಸಿತು. ಗೋಣಿಯ ಕೆಳಗಿನ ನಲವತ್ತು ಗಿಡ ಬಿಟ್ಟರೆ ನಮ್ಮ ಮೇಲಿನ ಸಾಲಿನಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತದೆ, ಕೆಳಗೆ ರಸ್ತೆ ಬದಿ ಕಡಿಮೆ. ನಾನು ಗೊಬ್ಬರದ ವ್ಯತ್ಯಾಸ ಅಂದುಕೊಂಡಿದ್ದೆ. ಜೇನು ಕಾರಣವೋ ಏನೋ, ಈ ಸಲ ಹೂವಿನ ದಿನ ನಿಂತು ನೋಡುತ್ತೇನೆ.

ಹೀಗೆ ಮಾಡೋಣ ಅಣ್ಣ. ನಂದಿ ಮುಟ್ಟುವುದು ಬೇಡ. ಗೋಣಿಯ ಕೆಳಗಿನ ಎರಡು ಕೊಂಬೆ ಮಾತ್ರ ಕಪಾತು ಮಾಡೋಣ, ಅದೂ ಮಂಗಟ್ಟೆ ಮರಿ ಹಾರಿದ ಮೇಲೆ. ಕಾಯಿ ಕಟ್ಟದ ಆ ನಲವತ್ತು ಗಿಡ ಕಿತ್ತು ಅಲ್ಲಿ ಏಲಕ್ಕಿ ಹಾಕೋಣ. ಏಲಕ್ಕಿಗೆ ನೆರಳೇ ಬೇಕಲ್ಲ. ಸಿಲ್ವರ್ ಓಕ್ ಕೆಳಗಿನ ರಸ್ತೆ ಬದಿ ಹಾಕುತ್ತೇನೆ, ನಡುವೆ ನಡುವೆ ಅತ್ತಿ, ಬಳಂಜಿ, ಹಲಸು. ಮೆಣಸಿನ ಬಳ್ಳಿ ಹಲಸಿಗೂ ಹತ್ತುತ್ತದೆ.

ಅಮ್ಮತ್ತಿ ತೋಟಗಾರ

ಏಲಕ್ಕಿ ಒಳ್ಳೇ ಯೋಚನೆ. ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಮಾಸ್ತರೇ, ಗ್ರಾಮಸಭೆಯ ಅರ್ಜಿಯ ಕರಡು ನನಗೂ ಕಳಿಸಿ, ಮರದ ಹಕ್ಕಿನ ಸಾಲು ಸೇರಿಸಿ ಕೊಡುತ್ತೇನೆ.

ಬಾಣೆಮನೆ (ಮೇ ಕೊನೆ)

ಒಂದು ಸುದ್ದಿ. ಪೊಟರೆಯ ಬಾಯಿ ಒಡೆದಿದೆ. ತಮ್ಮನೇ ಮೊದಲು ನೋಡಿ ಫೋನ್ ಮಾಡಿದ. ನಾನು ಓಡಿ ಹೋಗುವಷ್ಟರಲ್ಲಿ ಮರಿ ಗೋಣಿಯ ಕೊಂಬೆಯಲ್ಲಿ ಕೂತಿತ್ತು. ಒಂದೇ ಮರಿ ಕಂಡಿತು, ಬಾಲ ಇನ್ನೂ ಮೋಟು.

ನಂದಿಯ ಬುಡದಲ್ಲಿ, ಸರಿಯಾಗಿ ಪೊಟರೆಯ ಕೆಳಗೆ, ಅಂಗೈಯಗಲ ಜಾಗದಲ್ಲಿ ಸಸಿಗಳು ಎದ್ದಿವೆ. ಮೂರು ತಿಂಗಳು ಸೀಳಿನಿಂದ ಕೆಳಗೆ ಬಿದ್ದ ಬೀಜಗಳು. ಎಲೆ ನೋಡಿದರೆ ನಾಲ್ಕೈದು ಜಾತಿ ಇರಬೇಕು. ಎರಡು ಯಾವುದು ಅಂತ ನನಗೂ ಗೊತ್ತಾಗಲಿಲ್ಲ, ನಮ್ಮ ತೋಟದಲ್ಲಿ ಆ ಎಲೆಯ ಮರವೇ ಇಲ್ಲ. ಪೊನ್ನಂಪೇಟೆಯ ತಂಗಿ, ಫೋಟೋ ಹಾಕಿದ್ದೇನೆ, ಗುರುತಿಸಿ ಹೇಳಮ್ಮ. ಕಳೆ ಸವರುವವರು ಬರುವ ಮುಂಚೆ ತಮ್ಮ ಸುತ್ತ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾನೆ.